ಮೋರಿಸ್ ಮೈನರ್‌ಗೆ ಕಾಯಿಲೋವರ್: ಕಾರಿನ ಭಾರ ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೋಡಿ

ಪ್ರಶ್ನೆ: ನಾನು ಮೈಸೂರಿನವನು, ಈಗ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೆಲಸ. ನನ್ನ ಹತ್ತಿರ 1967ರ ಮೋರಿಸ್ ಮೈನರ್ 1000 ಇದೆ. ಎರಡು ಬಾಗಿಲು, 1098 ಸಿಸಿ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿದ್ದೇನೆ. ಈಗ ಬ್ರೇಕ್ ಒತ್ತಿದರೆ ಕಾರಿನ ಮೂತಿ ತುಂಬಾ ಬಗ್ಗುತ್ತದೆ, ಸ್ಟೀರಿಂಗ್ ಸ್ವಲ್ಪ ಅಲೆದಾಡುತ್ತದೆ, ತಿರುವಿನಲ್ಲಿ ಕಾರು ಜಾಸ್ತಿ ವಾಲುತ್ತದೆ. ಟಾರ್ಷನ್ ಬಾರ್ ತೆಗೆದು ಕಾಯಿಲೋವರ್ ಕಿಟ್ ಹಾಕಿದರೆ ಎಲ್ಲ ಸರಿಯಾಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಸುಮ್ನೆ ಬೋಲ್ಟ್ ಬಿಚ್ಚಿ ಹಾಕುವ ಕೆಲಸವಾ? ಎಷ್ಟು ಗಟ್ಟಿ ಸ್ಪ್ರಿಂಗ್ ತರಿಸಬೇಕು? ಹಾಗೇ ಕಾರನ್ನು ಒಂದೂವರೆ ಇಂಚು ತಗ್ಗಿಸಬಹುದಾ?

ಉತ್ತರ: ಕಾಯಿಲೋವರ್, ಅಂದರೆ ಶಾಕ್ ಮತ್ತು ಸ್ಪ್ರಿಂಗ್ ಒಂದರಲ್ಲೇ ಸೇರಿದ ಜೋಡಿ, ಹಾಕಬಹುದು. ಹಾಕಿ ಚೆನ್ನಾಗಿ ಓಡಿಸುತ್ತಿರುವವರೂ ಇದ್ದಾರೆ. ಆದರೆ ನೀವು ಬರೆದ ಮೂರು ತೊಂದರೆಗಳಲ್ಲಿ ಒಂದಕ್ಕೂ ಅದು ಮೊದಲ ಮದ್ದಲ್ಲ. ಬೋಲ್ಟ್ ಬಿಚ್ಚಿ ಹಾಕುವ ಕೆಲಸವಂತೂ ಖಂಡಿತ ಅಲ್ಲ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ. ಪೂರ್ತಿ ಓದಿದ ಮೇಲೂ ಹಾಕಲೇಬೇಕು ಅನ್ನಿಸಿದರೆ ಹೇಗೆ ಹಾಕಬೇಕು ಎಂಬುದನ್ನೂ ಬರೆದಿದ್ದೇನೆ.

ಮೊದಲು ನಿಮ್ಮ ಕಾರಿನ ಮುಂಭಾಗದಲ್ಲಿ ಏನಿದೆ ನೋಡೋಣ. ಅಲೆಕ್ ಇಸಿಗೋನಿಸ್ ಈ ಕಾರನ್ನು ರೂಪಿಸಿದರು. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಅದು ಹೊರಬಂತು. ಆ ಕಾಲದ ಎಷ್ಟೋ ಸಣ್ಣ ಕಾರುಗಳಿಗೆ ಮುಂದೆ ಕೂಡ ಗಟ್ಟಿ ಆಕ್ಸಲ್ ಮತ್ತು ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಇರುತ್ತಿತ್ತು. ಇಸಿಗೋನಿಸ್ ಎರಡು ಮುಂಚಕ್ರಗಳನ್ನೂ ಬೇರೆಬೇರೆಯಾಗಿ ಏರಿಳಿಯುವ ಹಾಗೆ ಮಾಡಿದರು. ಅದಕ್ಕೆ ಸ್ಪ್ರಿಂಗ್ ಆಗಿ ಬಳಸಿದ್ದು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಭಾರ ಹೊರುವ ಉದ್ದನೆಯ ಉಕ್ಕಿನ ಸರಳು. ಲೋವರ್ ಆರ್ಮ್‌ನ, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳಿನ, ಒಳತುದಿಯಿಂದ ಹೊರಟು ಅದು ಹಿಂದಕ್ಕೆ ಹೋಗುತ್ತದೆ. ಮುಂದಿನ ಸೀಟಿನ ಕಡೆ, ನೆಲದ ಅಡಿಯಲ್ಲಿ, ಒಂದು ಅಡ್ಡ ತೊಲೆಗೆ ಅದರ ಹಿಂತುದಿ ಸಿಕ್ಕಿಸಿಕೊಂಡಿರುತ್ತದೆ. ನಿಮ್ಮ ಮನೆಯಲ್ಲಿ ಅಂಬಾಸಿಡರ್ ಇದ್ದಿದ್ದರೆ ಇದು ನಿಮಗೆ ಹೊಸದಲ್ಲ. ಮೋರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಆ ಕಾರಿನ ಮುಂದೆಯೂ ಟಾರ್ಷನ್ ಬಾರೇ ಇತ್ತು. ಮೈನರ್ ಕೂಡ ಭಾರತಕ್ಕೆ ಬಂದಿತ್ತು. ಹಿಂದೂಸ್ತಾನ್ ಮೋಟಾರ್ಸ್ ಅದನ್ನು ಬೇಬಿ ಹಿಂದೂಸ್ತಾನ್ ಹೆಸರಿನಲ್ಲಿ ಮಾರಿತು.

ಈಗ ಮುಖ್ಯ ಮಾತು. ಗುಂಡಿಗೆ ಬಿದ್ದ ಚಕ್ರ ಮೇಲಕ್ಕೆ ಒದ್ದರೆ ಆ ಹೊಡೆತವನ್ನು ತಡೆಯುವುದು ಟಾರ್ಷನ್ ಬಾರಿನ ತಿರುಚು. ಆ ತಿರುಚು ಹೋಗಿ ನಿಲ್ಲುವುದು ಕಾರಿನ ನಡುಭಾಗದ ಅಡ್ಡ ತೊಲೆಯಲ್ಲಿ, ಬಾಡಿಯ ಗಟ್ಟಿ ಜಾಗದಲ್ಲಿ. ಎಂಜಿನ್ ಪಕ್ಕದ ತಗಡು, ಅಂದರೆ ಇನ್ನರ್ ವಿಂಗ್, ಸ್ಪ್ರಿಂಗಿನ ಭಾರ ಹೊರುವುದೇ ಇಲ್ಲ. ಹೊರಲಿ ಎಂದು ಅದನ್ನು ಮಾಡಿಯೂ ಇಲ್ಲ. ಅದರ ದಪ್ಪ ಒಂದು ಮಿಲಿಮೀಟರಿನ ಆಸುಪಾಸು ಅಷ್ಟೇ.

ಕಾಯಿಲೋವರ್ ಅಂದರೆ ಶಾಕ್ ಅಬ್ಸಾರ್ಬರ್, ಅದರ ಸುತ್ತಲೇ ಕಾಯಿಲ್ ಸ್ಪ್ರಿಂಗ್. ಕೆಳತುದಿ ಲೋವರ್ ಆರ್ಮ್‌ಗೆ, ಮೇಲ್ತುದಿ ಬಾಡಿಗೆ. ಹಾಗಾದರೆ ಕಾರಿನ ಮುಂಭಾಗದಲ್ಲಿ ಆ ಬದಿಯ ಭಾರವೆಲ್ಲ ಆ ಮೇಲ್ತುದಿಯ ಒಂದು ಬೋಲ್ಟಿನ ಮೂಲಕ ಬಾಡಿಗೆ ಹೋಗಬೇಕು. ಆ ಬೋಲ್ಟ್ ಎಲ್ಲಿರುತ್ತದೆ? ಮೊನ್ನೆಯವರೆಗೆ ಸ್ಪ್ರಿಂಗಿನ ಭಾರವನ್ನೇ ಕಾಣದ ಜಾಗದಲ್ಲಿ. ತೊಲೆಗೆ ಕಟ್ಟಿದ್ದ ಜೋಕಾಲಿಯನ್ನು ಬಿಚ್ಚಿ ಅಟ್ಟದ ಹಲಗೆಗೆ ಕಟ್ಟಿದ ಹಾಗೆ ಇದು. ಜೋಕಾಲಿ ಅದೇ, ಕೂರುವ ಮಗು ಅದೇ, ಹಲಗೆ ಮಾತ್ರ ತಡೆಯುವುದಿಲ್ಲ. ಆದ್ದರಿಂದ ಕಿಟ್ ಕೊಳ್ಳುವವರು ಸ್ಪ್ರಿಂಗಿನ ಬಣ್ಣ, ಶಾಕಿನ ಕ್ಲಿಕ್ ಎಷ್ಟು ಎಂದು ನೋಡುವ ಮೊದಲು ಮೇಲಿನ ಬ್ರಾಕೆಟ್ ಯಾವ ಲೋಹಕ್ಕೆ ಹೋಗಿ ಸೇರುತ್ತದೆ ಎಂದು ನೋಡಬೇಕು. ಈ ಕೆಲಸದಲ್ಲಿ ಮುಕ್ಕಾಲು ಪಾಲು ಅದೇ.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಮೈನರ್‌ನ ತೂಕ ಸುಮಾರು 775 ಕೆಜಿ. ಇಬ್ಬರು ಕೂತಾಗ ಒಂದೊಂದು ಮುಂಚಕ್ರದ ಮೇಲೆ 220 ಕೆಜಿ ಅಂತ ಇಟ್ಟುಕೊಳ್ಳಿ. ಅದರಲ್ಲಿ ಚಕ್ರ, ಹಬ್, ಬ್ರೇಕ್ ಸೇರಿ 30 ಕೆಜಿ ಕಳೆದರೆ ಸ್ಪ್ರಿಂಗ್ ಹೊರಬೇಕಾದದ್ದು 190 ಕೆಜಿ. ಆದರೆ ಕಾಯಿಲೋವರ್ ಚಕ್ರದ ನೇರಕ್ಕೆ ಕೂರುವುದಿಲ್ಲ. ಲೋವರ್ ಆರ್ಮ್‌ನ ನಡುವೆ ಎಲ್ಲೋ ಕೂರುತ್ತದೆ. ಆರ್ಮ್‌ನ ಉದ್ದದಲ್ಲಿ ಒಳಗಿನಿಂದ ನೂರಕ್ಕೆ 60 ಪಾಲು ದೂರದಲ್ಲಿ ಕೂತಿದೆ, ಮೇಲಕ್ಕೆ ಹೋಗುತ್ತಾ 15 ಡಿಗ್ರಿ ಒಳಕ್ಕೆ ವಾಲಿದೆ ಅಂದರೆ ಚಕ್ರ ಏರಿದ್ದಕ್ಕೆ ಶಾಕ್ ಕುಗ್ಗುವ ಅನುಪಾತ 0.58 ಆಗುತ್ತದೆ. 190ನ್ನು 0.58ರಿಂದ ಭಾಗಿಸಿ. ಕಾರು ಸುಮ್ನೆ ನಿಂತಿರುವಾಗಲೇ ಮೇಲಿನ ಬ್ರಾಕೆಟ್ ಮೇಲೆ ಸುಮಾರು 328 ಕೆಜಿ ಕೂತಿರುತ್ತದೆ. ದೊಡ್ಡ ಗುಂಡಿಯ ಹೊಡೆತಕ್ಕೆ ಇದರ ಮೂರು ಪಟ್ಟು ಹಿಡಿದರೆ ಒಂದು ಟನ್ನಿನ ಹತ್ತಿರ ಬಂತು. ಬೋಲ್ಟಿಗೆ ಇದು ಏನೂ ಅಲ್ಲ. 8.8 ದರ್ಜೆಯ 12 ಮಿಮೀ ಬೋಲ್ಟ್ ಇದರ ಎಷ್ಟೋ ಪಟ್ಟು ತಡೆಯುತ್ತದೆ. ಹರಿಯುವುದು ಬೋಲ್ಟಿನ ಸುತ್ತಲಿನ ತಗಡು. ಅದೂ ಒಂದೇ ಹೊಡೆತಕ್ಕಲ್ಲ. ಸಾವಿರಾರು ಸಣ್ಣ ಹೊಡೆತಗಳಿಗೆ ದಣಿದು, ಬಣ್ಣದ ಅಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು, ಆಮೇಲೆ ಬಾಯಿ ತೆರೆಯುತ್ತದೆ.

ಇದೇ ವಿಷಯ ಇಸಿಗೋನಿಸ್ ಮುಂದೆ ರೂಪಿಸಿದ ಮಿನಿಯಲ್ಲೂ ಕಾಣುತ್ತದೆ. ಮಿನಿಗೆ ಅಲೆಕ್ಸ್ ಮೌಲ್ಟನ್ ಮಾಡಿಕೊಟ್ಟ ರಬ್ಬರ್ ಕೋನ್‌ಗಳೇ ಸ್ಪ್ರಿಂಗ್. ಅವು ಸಬ್‌ಫ್ರೇಮಿನ (ಬಾಡಿಯ ಅಡಿಗೆ ಬೋಲ್ಟ್ ಮಾಡಿದ ಉಕ್ಕಿನ ಚೌಕಟ್ಟು) ಗೋಪುರದೊಳಗೆ ಕೂತು ಭಾರವನ್ನು ಸಬ್‌ಫ್ರೇಮಿಗೆ ಕೊಡುತ್ತವೆ. ರಬ್ಬರ್ ತೆಗೆದು ಅದೇ ಗೋಪುರದೊಳಗೆ ಸಣ್ಣ ಕಾಯಿಲ್ ಸ್ಪ್ರಿಂಗ್ ಹಾಕುವ ಕಿಟ್ ಇದೆ. ಅದರಲ್ಲಿ ಭಾರದ ದಾರಿ ಬದಲಾಗುವುದಿಲ್ಲ, ತಲೆನೋವೂ ಇಲ್ಲ. ಆದರೆ ಶಾಕಿನ ಜಾಗದಲ್ಲಿ ಕಾಯಿಲೋವರ್ ನೇತುಹಾಕಿದರೆ, ಶಾಕ್ ಮಾತ್ರ ಹಿಡಿಯಲೆಂದು ಮಾಡಿದ ಬ್ರಾಕೆಟ್ ಮೇಲೆ ಇಡೀ ಕಾರು ಕೂರುತ್ತದೆ. ಮೈನರ್‌ಗೆ ಮಿನಿಯ ಆ ಸುಲಭದ ದಾರಿ ಇಲ್ಲ, ಯಾಕೆಂದರೆ ಅದರ ಮುಂಭಾಗದಲ್ಲಿ ಸ್ಪ್ರಿಂಗಿಗೆ ಅಂತ ಗೋಪುರವೇ ಇಲ್ಲ.

ಮೈನರ್‌ನಲ್ಲಿ ಇನ್ನೊಂದು ತೊಡಕಿದೆ. ನಿಮ್ಮ ಕಾರಿನ ಲೀವರ್ ಶಾಕ್ (ಎಣ್ಣೆ ತುಂಬಿದ ಡಬ್ಬಿಯಿಂದ ತೋಳು ಚಾಚಿರುವ ಹಳೆ ಬಗೆಯ ಶಾಕ್) ಬರೀ ಶಾಕ್ ಅಲ್ಲ. ಅದರಿಂದ ಹೊರಬರುವ ತೋಳೇ ಅಪ್ಪರ್ ಆರ್ಮ್. ಅದು ಇಲ್ಲದಿದ್ದರೆ ಚಕ್ರದ ಮೇಲ್ಭಾಗವನ್ನು ಹಿಡಿದುಕೊಳ್ಳುವವರೇ ಇಲ್ಲ. ಆದ್ದರಿಂದ ಕಿಟ್‌ಗಳು ಎರಡು ಬಗೆ. ಒಂದು, ಲೀವರ್ ಶಾಕನ್ನು ಅಲ್ಲೇ ಬಿಟ್ಟು, ಬೇಕಾದರೆ ಅದರ ಒಳಗಿನ ವಾಲ್ವ್ ತೆಗೆದು, ಬರೀ ಆರ್ಮ್ ಆಗಿ ಬಳಸುವುದು. ಇನ್ನೊಂದು, ಅದನ್ನು ಪೂರ್ತಿ ತೆಗೆದು ಪೈಪಿನಿಂದ ಮಾಡಿದ ಅಪ್ಪರ್ ಆರ್ಮ್ ಕೂರಿಸುವುದು. ಎರಡನೆಯದು ಕೊಳ್ಳುವುದಾದರೆ ಅದರ ಉದ್ದ, ಅದರ ಒಳ ಪಿವಟ್‌ನ ಎತ್ತರ ಎರಡನ್ನೂ ಹಳೆಯದರ ಜೊತೆ ಅಳತೆ ಹಾಕಿ ನೋಡಿ. ಅವು ಬದಲಾದರೆ ಚಕ್ರ ಏರಿಳಿಯುವಾಗ ಕ್ಯಾಂಬರ್, ಅಂದರೆ ಚಕ್ರದ ಒಳ ಹೊರ ವಾಲು, ಬದಲಾಗುವ ರೀತಿಯೂ ಬದಲಾಗುತ್ತದೆ. ಕೆಲವರು ಇದನ್ನೇ ಬೇಕೆಂದು ಮಾಡಿಸುತ್ತಾರೆ, ತಪ್ಪಿಲ್ಲ. ತಿಳಿಯದೆ ಆಗಬಾರದು ಅಷ್ಟೇ.

ಈಗ ನಿಮ್ಮ ತೊಂದರೆಗಳಿಗೆ ಬರೋಣ. ಬ್ರೇಕ್ ಹಿಡಿದಾಗ ಸ್ಟೀರಿಂಗ್ ಅಲೆದಾಡುತ್ತದೆ ಅಂದಿರಿ. ನನಗೆ ಮೊದಲು ಅನುಮಾನ ಬರುವುದು ಟೈ ರಾಡ್ ಮೇಲೆ. ಲೋವರ್ ಆರ್ಮ್‌ನಿಂದ ಮುಂದಕ್ಕೆ ಷಾಸಿಯ ಕಡೆ ಹೋಗುವ ಸರಳು ಅದು. ಚಕ್ರ ಹಿಂದಕ್ಕೆ ಸರಿಯದ ಹಾಗೆ ಹಿಡಿಯುವುದು ಅದರ ಕೆಲಸ. ಅದರ ತುದಿಯ ರಬ್ಬರ್ ಬುಷ್ ಮೆತ್ತಗಾಗಿದ್ದರೆ ಬ್ರೇಕ್ ಹಿಡಿದಾಗಲೆಲ್ಲ ಚಕ್ರ ಸ್ವಲ್ಪ ಹಿಂದಕ್ಕೆ ಹೋಗುತ್ತದೆ, ಎಡಕ್ಕೊಂದು ಲೆಕ್ಕ, ಬಲಕ್ಕೊಂದು ಲೆಕ್ಕ. ನೀವು ಡಿಸ್ಕ್ ಬ್ರೇಕ್ ಹಾಕಿಸಿ ಹಿಡಿತ ಜಾಸ್ತಿ ಮಾಡಿದ್ದೀರಿ. ಹಳೆ ಡ್ರಮ್ ಬ್ರೇಕಿನಲ್ಲಿ ಗೊತ್ತಾಗದಿದ್ದ ಸಡಿಲ ಈಗ ಕೈಗೆ ಸಿಗುತ್ತಿದೆ. ಸ್ನೇಹಿತರೊಬ್ಬರಿಗೆ ಕಾರನ್ನು ನಡಿಗೆಯ ವೇಗದಲ್ಲಿ ಓಡಿಸಿ ಬ್ರೇಕ್ ಹಿಡಿಯಲು ಹೇಳಿ, ನೀವು ದೂರ ಪಕ್ಕದಲ್ಲಿ ನಿಂತು ಚಕ್ರ ವಿಂಗಿನ ಕಮಾನಿನೊಳಗೆ ಹಿಂದೆ ಸರಿಯುತ್ತದಾ ನೋಡಿ. ಬುಷ್ ತುಂಬಾ ಕಡಿಮೆ ಬೆಲೆಯ ಸಾಮಾನು. ಎರಡೂ ಕಡೆ ಹೊಸದು ಹಾಕಿಬಿಡಿ.

ಎರಡನೆಯದು ಟ್ರನಿಯನ್. ಇದರ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಮೈನರ್‌ನ ಕಿಂಗ್‌ಪಿನ್‌ನ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ನೆಟ್ಟನೆಯ ಕಂಬಿ) ಮೇಲೂ ಕೆಳಗೂ ಟ್ರನಿಯನ್‌ಗಳಿವೆ, ಅಂದರೆ ಅದನ್ನು ಆರ್ಮ್‌ಗಳಿಗೆ ಸೇರಿಸುವ, ಒಳಗೆ ಮರೆ (ಸ್ಕ್ರೂ ಥ್ರೆಡ್) ಇರುವ ಲೋಹದ ತುಂಡುಗಳು. ಗ್ರೀಸ್ ಒಣಗಿದರೆ ಮರೆ ಸವೆಯುತ್ತದೆ. ಪೂರ್ತಿ ಸವೆದ ದಿನ ಕೆಳಗಿನದು ಕಳಚಿಕೊಂಡು ಚಕ್ರ ವಿಂಗಿನ ಅಡಿಗೆ ಮಡಚಿಕೊಳ್ಳುತ್ತದೆ. ಮೈನರ್ ಇಟ್ಟವರಿಗೆಲ್ಲ ಗೊತ್ತಿರುವ ಅಪಾಯ ಇದು. ಎಷ್ಟು ದುಬಾರಿ ಕಾಯಿಲೋವರ್ ಹಾಕಿದರೂ ಚಕ್ರ ನಿಂತಿರುವುದು ಈ ಮರೆಯ ಮೇಲೆಯೇ. ಜ್ಯಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಮೊದಲು ಬೇರಿಂಗಾ ಟ್ರನಿಯನ್ನಾ ಪತ್ತೆ ಮಾಡಿ. ಟ್ರನಿಯನ್ ಆಗಿದ್ದರೆ ಕಿಂಗ್‌ಪಿನ್ ಜೊತೆಗೇ ಬದಲಿಸಿ, ಹಳೆ ಮರೆಗೆ ಹೊಸ ಟ್ರನಿಯನ್ ಹಾಕಬೇಡಿ. ಆಮೇಲೆ ಸಾವಿರ ಮೈಲಿಗೊಮ್ಮೆ, ಚಕ್ರ ನೇತಾಡುತ್ತಿರುವಾಗ, ಹಳೆ ಗ್ರೀಸ್ ಹೊರಬರುವವರೆಗೆ ಹೊಸ ಗ್ರೀಸ್ ಹೊಡೆಯಿರಿ.

ಮೂರನೆಯದು ಲೀವರ್ ಶಾಕ್. ಎಣ್ಣೆ ಸೋರಿ ಒಳಗೆ ಗಾಳಿ ಸೇರಿದ್ದರೆ ಅದು ಇದ್ದೂ ಇಲ್ಲದ ಹಾಗೆ. ರಿಪೇರಿ ಮಾಡಿದ್ದು ಎಂದು ಮಾರುವ ಎಷ್ಟೋ ಶಾಕ್‌ಗಳಿಗೆ ಆಗಿರುವುದು ಬಣ್ಣ ಮತ್ತು ಹೊಸ ಎಣ್ಣೆ ಮಾತ್ರ. ಒಳಗಿನ ಶಾಫ್ಟ್‌ನ ಬುಷ್, ಸೀಲ್ ಬದಲಿಸಿದ್ದಾರಾ ಎಂದು ಕೇಳಿ ತೆಗೆದುಕೊಳ್ಳಿ. ತೋಳನ್ನು ಕೈಯಲ್ಲಿ ನಿಧಾನಕ್ಕೆ ಒತ್ತಿ ನೋಡಿ. ಇಡೀ ದೂರಕ್ಕೂ ಒಂದೇ ಸಮನಾದ ತಡೆ ಇರಬೇಕು, ನಡುವೆ ಎಲ್ಲೂ ಖಾಲಿ ಬೀಳಬಾರದು.

ಮೂತಿ ಬಗ್ಗುವ ವಿಷಯ ಬೇರೆ. ಅದರಲ್ಲಿ ಒಂದು ಪಾಲು ಭೌತಶಾಸ್ತ್ರ, ಅದನ್ನು ಯಾವ ಶಾಕೂ ತಪ್ಪಿಸಲಾರದು. ನಿಮ್ಮ ಕಾರಿನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 86 ಇಂಚು, ಅಂದರೆ 2.18 ಮೀಟರ್. ಇಬ್ಬರು ಸೇರಿ 920 ಕೆಜಿ, ಭಾರದ ಕೇಂದ್ರ ನೆಲದಿಂದ 55 ಸೆಂಮೀ ಎತ್ತರದಲ್ಲಿದೆ ಎಂದುಕೊಳ್ಳಿ. ಜೋರಾಗಿ, 0.6 ಜಿ (ಗುರುತ್ವದ 0.6 ಪಟ್ಟು) ಬ್ರೇಕ್ ಹಿಡಿದರೆ ಸುಮಾರು 140 ಕೆಜಿ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಒಂದೊಂದು ಚಕ್ರಕ್ಕೆ 70 ಕೆಜಿ. ರಸ್ತೆಗೆ ಹಿತವಾದ ಸ್ಪ್ರಿಂಗ್ ಇದ್ದರೆ ಅಷ್ಟಕ್ಕೇ 5 ಸೆಂಮೀಗಿಂತ ಸ್ವಲ್ಪ ಜಾಸ್ತಿ ತಗ್ಗುತ್ತದೆ. ಶಾಕ್ ಚೆನ್ನಾಗಿದ್ದರೆ ನಿಧಾನಕ್ಕೆ ತಗ್ಗುತ್ತದೆ, ಕೆಟ್ಟಿದ್ದರೆ ಧಡಕ್ಕನೆ ತಗ್ಗಿ ಮತ್ತೆ ಮೇಲೆದ್ದು ತೂಗಾಡುತ್ತದೆ. ನಿಮಗೆ ಕಿರಿಕಿರಿ ಮಾಡುತ್ತಿರುವುದು ಬಹುಶಃ ಈ ಧಡಕ್ಕನೆ ತಗ್ಗುವುದು, ಒಟ್ಟು ತಗ್ಗುವ ಅಳತೆಯಲ್ಲ. ಅದಕ್ಕೆ ಬೇಕಾದದ್ದು ಒಳ್ಳೆ ಶಾಕ್, ಹೊಸ ಸ್ಪ್ರಿಂಗ್ ಅಲ್ಲ.

ಆದ್ದರಿಂದ ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಹೋಗುತ್ತಿದ್ದೆ. ಟೈ ರಾಡ್ ಬುಷ್, ಲೋವರ್ ಆರ್ಮ್ ಬುಷ್, ಟ್ರನಿಯನ್ ಮೊದಲು. ಆಮೇಲೆ ಟಾರ್ಷನ್ ಬಾರನ್ನು ಹಾಗೇ ಉಳಿಸಿಕೊಂಡು ಮುಂದೆ ಟೆಲಿಸ್ಕೋಪಿಕ್ (ಒಂದರೊಳಗೊಂದು ಜಾರುವ ಕೊಳವೆಯ) ಶಾಕ್ ಕಿಟ್. ಇದರಲ್ಲಿ ಮೇಲಿನ ಬ್ರಾಕೆಟ್ ಹೊರುವುದು ಶಾಕಿನ ಬಲ ಮಾತ್ರ, ಕಾರಿನ ಭಾರ ಅಲ್ಲ. ಹಿಂದೆಯೂ ಲೀವರ್ ಶಾಕ್ ಇದೆ, ಮುಂದಿನದನ್ನು ಮಾತ್ರ ಬಿಗಿ ಮಾಡಿ ಹಿಂದಿನದನ್ನು ಮರೆಯಬೇಡಿ. ತಿರುವಿನಲ್ಲಿ ವಾಲುವುದಕ್ಕೆ ಮುಂದೆ ಆ್ಯಂಟಿ ರೋಲ್ ಬಾರ್, ಅಂದರೆ ಎಡ ಬಲ ಚಕ್ರಗಳ ಆರ್ಮ್‌ಗಳನ್ನು ಜೋಡಿಸುವ ಸರಳು. ಮೈನರ್‌ಗೆ ಕಾರ್ಖಾನೆಯಿಂದ ಅದು ಇರಲೇ ಇಲ್ಲ. ತೆಳುವಾದ ಒಂದನ್ನು ಹಾಕಿದರೆ ಕಾರು ಬೇರೆಯೇ ಆಗುತ್ತದೆ, ನೇರ ರಸ್ತೆಯಲ್ಲಿ ಹಿತ ಕೂಡ ಹೆಚ್ಚು ಕೆಡುವುದಿಲ್ಲ. ತುಂಬಾ ದಪ್ಪದ್ದು ಬೇಡ, ತಿರುವಿನಲ್ಲಿ ಮೂತಿ ಹೊರಕ್ಕೆ ಜಾರಲು ಶುರುವಾಗುತ್ತದೆ. ಹೆಚ್ಚಿನವರಿಗೆ ಇಷ್ಟೇ ಸಾಕು. ಇದರಲ್ಲಿ ಬಾಡಿಗೆ ಕತ್ತರಿ ಹಾಕುವ ಮಾತೇ ಇಲ್ಲ, ನಾಳೆ ಬೇಡ ಅನ್ನಿಸಿದರೆ ಹಳೆಯದಕ್ಕೆ ಮರಳಬಹುದು.

ಕಾಯಿಲೋವರ್‌ಗೆ ನಿಜವಾದ ಕಾರಣಗಳೂ ಇವೆ. ಭಾರದ ಎಂಜಿನ್ ಹಾಕಿದ್ದರೆ, ಟ್ರ್ಯಾಕಿನಲ್ಲಿ ಓಡಿಸುವುದಾದರೆ, ಎತ್ತರ ಮತ್ತು ಗಟ್ಟಿತನ ಎರಡನ್ನೂ ಬೇರೆಬೇರೆಯಾಗಿ ಹೊಂದಿಸಿಕೊಳ್ಳಬೇಕಾದರೆ ಅದು ಒಳ್ಳೆಯ ದಾರಿ. ಒಂದು ಕಾರಣ ಮಾತ್ರ ಸರಿಯಲ್ಲ. ನೆಲದ ಅಡಿಯ ಅಡ್ಡ ತೊಲೆಯ ತುದಿ ತುಕ್ಕು ಹಿಡಿದಿದೆ, ಟಾರ್ಷನ್ ಬಾರ್ ತೆಗೆದುಬಿಟ್ಟರೆ ಅದನ್ನು ರಿಪೇರಿ ಮಾಡಿಸುವುದು ತಪ್ಪುತ್ತದೆ ಎಂದು ಕೆಲವರು ಲೆಕ್ಕ ಹಾಕುತ್ತಾರೆ. ಮೈನರ್‌ನಲ್ಲಿ ಆ ತುದಿಗಳು ತುಕ್ಕು ಹಿಡಿಯುವುದು ಸಾಮಾನ್ಯ. ಆದರೆ ಆ ತೊಲೆ ಬರೀ ಟಾರ್ಷನ್ ಬಾರ್ ಹಿಡಿಯಲು ಇಲ್ಲ. ಬಾಗಿಲುಗಳ ಅಡಿಯ ಎರಡು ಸಿಲ್‌ಗಳನ್ನು, ನೆಲವನ್ನು, ಎಂಜಿನ್ ಪಕ್ಕಗಳಲ್ಲಿ ಮುಂದಕ್ಕೆ ಚಾಚಿದ ಷಾಸಿ ಲೆಗ್ ತೊಲೆಗಳನ್ನು ಒಟ್ಟಿಗೆ ಕಟ್ಟಿರುವುದೇ ಅದು. ಅದು ಕೊಳೆತಿದ್ದರೆ ಕಾಯಿಲೋವರ್ ವಿಷಯ ಪಕ್ಕಕ್ಕಿಟ್ಟು ವೆಲ್ಡರ್ ಹತ್ತಿರ ಹೋಗಿ.

ಸರಿ, ಹಾಕಲೇಬೇಕು ಅಂತ ನಿರ್ಧರಿಸಿದಿರಿ. ಮೇಲಿನ ಬ್ರಾಕೆಟ್‌ನಿಂದ ಶುರುಮಾಡಿ. ಮೊದಲು ಇನ್ನರ್ ವಿಂಗ್, ಷಾಸಿ ಲೆಗ್ ಎರಡನ್ನೂ ಬಣ್ಣ, ಅಂಡರ್‌ಸೀಲ್ ಕೆರೆದು ಬರೀ ಲೋಹ ಕಾಣುವ ಹಾಗೆ ಮಾಡಿ. ಹಳೆ ತೇಪೆಯ ಮೇಲೆ ಹೊಸ ತೇಪೆ ಇದ್ದರೆ ಎರಡನ್ನೂ ಕತ್ತರಿಸಿ ತೆಗೆಯಬೇಕು. ಬ್ರಾಕೆಟ್ ಬರೀ ಇನ್ನರ್ ವಿಂಗಿಗೆ ಅಂಟಿಕೊಂಡು ನಿಲ್ಲುವ ಕಿಟ್ ಆದರೆ ಅದನ್ನು ವಾಪಸ್ ಕಳಿಸಿ. ಒಳ್ಳೆಯ ಬ್ರಾಕೆಟ್ ಕಾಲು ಇಳಿಬಿಟ್ಟು ಕೆಳಗೆ ಷಾಸಿ ಲೆಗ್‌ಗೆ ಬಂದು ಕೂರುತ್ತದೆ, ಹಿಂದೆ ಬಲ್ಕ್‌ಹೆಡ್ (ಎಂಜಿನ್ ಮತ್ತು ಸೀಟಿನ ಜಾಗದ ನಡುವಿನ ಗೋಡೆ) ಕಡೆಗೂ ಒಂದು ಆಸರೆ ಕೊಡುತ್ತದೆ. ತಗಡನ್ನು ಸೇರುವ ಕಡೆ 3 ಮಿಮೀ ಉಕ್ಕಿನ ಅಗಲವಾದ ಪ್ಲೇಟ್ ಬೇಕು. ಪ್ಲೇಟಿನ ಮೂಲೆಗಳು ದುಂಡಗಿರಲಿ, ಚೂಪು ಮೂಲೆಯಿಂದಲೇ ಬಿರುಕು ಹುಟ್ಟುವುದು. ಅಂಚಿನುದ್ದಕ್ಕೂ ಒಂದೇ ನೇರ ಗೆರೆ ವೆಲ್ಡಿಂಗ್ ಎಳೆಯಬೇಡಿ. ತೆಳು ತಗಡು ಆ ಗೆರೆಯಲ್ಲೇ ಹರಿಯುತ್ತದೆ. ಪ್ಲೇಟಿನಲ್ಲಿ 8 ಮಿಮೀ ತೂತುಗಳನ್ನು ಕೊರೆದು ಪ್ಲಗ್ ವೆಲ್ಡ್ ಮಾಡಿ (ತೂತುಗಳನ್ನು ವೆಲ್ಡಿಂಗ್‌ನಿಂದ ತುಂಬಿ), ಅಂಚಿನಲ್ಲಿ ಅಲ್ಲಲ್ಲಿ ಬಿಟ್ಟು ಬಿಟ್ಟು ಹೊಲಿಗೆ ಹಾಕಿದರೆ ಭಾರ ಹರಡುತ್ತದೆ.

ಆಮೇಲೆ ಎಂಜಿನ್ ಮೇಲೆ ಹಾದು ಎರಡು ಬ್ರಾಕೆಟ್‌ಗಳನ್ನು ಜೋಡಿಸುವ ಒಂದು ಪೈಪು. ಕಾಯಿಲೋವರ್ ಒಳಕ್ಕೆ ವಾಲಿ ನಿಂತಿರುವುದರಿಂದ ಎರಡೂ ಬ್ರಾಕೆಟ್‌ಗಳು ಒಂದರ ಕಡೆ ಒಂದು ಬಾಗಲು ನೋಡುತ್ತವೆ. ಈ ಪೈಪು ಅವನ್ನು ತಡೆದು ನಿಲ್ಲಿಸುತ್ತದೆ. ಇದನ್ನು ಅಲಂಕಾರಕ್ಕೆ ಹಾಕುವುದು ಅಂತ ಬಿಟ್ಟುಬಿಡುವವರಿದ್ದಾರೆ, ದಯವಿಟ್ಟು ಬಿಡಬೇಡಿ. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಬಿಚ್ಚಿಡಿ, ಆಲ್ಟರ್ನೇಟರ್ ಹಾಕಿಸಿದ್ದರೆ ಅದರ ವೈರನ್ನೂ ಬಿಚ್ಚಿ. ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಹತ್ತಿರ ಇದ್ದರೆ ಸರಿಸಿಕೊಳ್ಳಿ. ನಿಮಗೆ ಕಾರಿನ ಕಟ್ಟಡದ ಭಾಗಗಳನ್ನು ವೆಲ್ಡ್ ಮಾಡಿ ಅಭ್ಯಾಸವಿಲ್ಲದಿದ್ದರೆ ಇದನ್ನು ಕಲಿಯುವ ಜಾಗ ಮಾಡಿಕೊಳ್ಳಬೇಡಿ. ಬಲ್ಲವರಿಂದ ಮಾಡಿಸಿ.

ಕೆಳಗಿನ ತುದಿಯಲ್ಲಿ ವಿಚಾರ ಸ್ವಲ್ಪ ಬೇರೆ. ಟಾರ್ಷನ್ ಬಾರ್ ಇದ್ದಾಗ ಲೋವರ್ ಆರ್ಮ್‌ನ ಒಳತುದಿಗೆ ಬಾಗಿಸುವ ಒತ್ತಡ ಪೂರ್ತಿ ಬರುತ್ತಿತ್ತು. ಕಾಯಿಲೋವರ್ ನಡುವೆ ಆಸರೆ ಕೊಡುವುದರಿಂದ ಆ ಬಾಗು ಕಡಿಮೆಯೇ ಆಗುತ್ತದೆ. ಆದರೆ ಬೋಲ್ಟ್ ಆರ್ಮ್‌ನ ಒಂದೇ ಪಕ್ಕಕ್ಕೆ ಚಾಚಿಕೊಂಡಿದ್ದರೆ ಪ್ರತಿ ಗುಂಡಿಗೂ ಆರ್ಮ್ ತಿರುಚಿಕೊಳ್ಳುತ್ತದೆ. ಕಾಯಿಲೋವರಿನ ಕೆಳಗಣ್ಣು ಎರಡು ಪ್ಲೇಟುಗಳ ನಡುವೆ ಕೂತು, ಬೋಲ್ಟಿಗೆ ಎರಡೂ ಕಡೆ ಹಿಡಿತ ಇರಬೇಕು. ಇನ್ನೊಂದು ಪ್ರಶ್ನೆಯನ್ನು ಕಿಟ್ ಮಾರುವವರಿಗೆ ಕೇಳಲೇಬೇಕು: ಟಾರ್ಷನ್ ಬಾರ್ ಹೊರಗೆ ಬಂದ ಮೇಲೆ ಲೋವರ್ ಆರ್ಮ್‌ನ ಒಳತುದಿಯನ್ನು ಹಿಡಿಯುವ ಪಿನ್ ಯಾವುದು? ಅದಕ್ಕೆ ಬೇಕಾದ ಭಾಗ ಡಬ್ಬಿಯಲ್ಲಿ ಇದೆಯಾ? ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡಿ.

ಬಾರ್ ತೆಗೆಯುವಾಗ ಎಚ್ಚರ. ತಿರುಚಿಕೊಂಡ ಬಾರಿನಲ್ಲಿ ತುಂಬಾ ಶಕ್ತಿ ಅಡಗಿರುತ್ತದೆ. ಲೋವರ್ ಆರ್ಮ್ ಅಡಿಗೆ ಜ್ಯಾಕ್ ಕೊಟ್ಟು, ಮೇಲಿನ ಟ್ರನಿಯನ್ ಬಿಡಿಸಿ, ಬಾರ್ ಪೂರ್ತಿ ಸಡಿಲವಾಗುವವರೆಗೆ ಜ್ಯಾಕನ್ನು ನಿಧಾನಕ್ಕೆ ಇಳಿಸಬೇಕು. ಬಾರಿನ ಹಿಂತುದಿಯ ಲಿವರ್ ಬೋಲ್ಟಿಗೆ ಆಮೇಲೆ ಕೈ ಹಾಕಿ. ತೆಗೆದ ಬಾರ್‌ಗಳಿಗೆ ಎಡ, ಬಲ ಎಂದು ಗುರುತು ಕಟ್ಟಿ, ಗೀರು ಬೀಳದ ಹಾಗೆ ಬಟ್ಟೆ ಸುತ್ತಿ ಇಡಿ. ಒಂದು ದಿಕ್ಕಿಗೆ ತಿರುಚಿ ಪಳಗಿದ ಬಾರನ್ನು ಇನ್ನೊಂದು ಕಡೆಗೆ ಹಾಕಿದರೆ ಅದು ಬೇಗ ಮುರಿಯುತ್ತದೆ. ಕೆಲವರು ಬಾರನ್ನೂ ಇಟ್ಟುಕೊಂಡು ಜೊತೆಗೆ ಕಾಯಿಲೋವರ್ ಹಾಕುತ್ತಾರೆ. ಆಗ ಎರಡು ಸ್ಪ್ರಿಂಗ್‌ಗಳ ಗಟ್ಟಿತನ ಕೂಡಿಕೊಳ್ಳುತ್ತದೆ, ಕಾರು ಹಲಗೆಯಂತಾಗುತ್ತದೆ, ಎತ್ತರ ಹೊಂದಿಸುವುದು ಎರಡು ಕಡೆಯ ಕೆಲಸವಾಗುತ್ತದೆ. ನನಗೆ ಅದು ಹಿಡಿಸುವುದಿಲ್ಲ.

ಸ್ಪ್ರಿಂಗ್ ಎಷ್ಟು ಗಟ್ಟಿ ಅಂತ ಕೇಳಿದಿರಿ. ಬೇರೆಯವರ ಕಾರಿನ ನಂಬರ್ ತಂದು ನಿಮ್ಮ ಕಾರಿಗೆ ಹಾಕಬೇಡಿ, ಬ್ರಾಕೆಟ್ ಇರುವ ಜಾಗ ಸ್ವಲ್ಪ ಬದಲಾದರೂ ಲೆಕ್ಕ ಬದಲಾಗುತ್ತದೆ. ಮೇಲೆ ಹೇಳಿದ 0.58ರ ಉದಾಹರಣೆಯನ್ನೇ ಮುಂದುವರಿಸೋಣ. ರಸ್ತೆಯಲ್ಲಿ ಓಡುವ ಸಣ್ಣ ಕಾರಿನ ಮುಂಭಾಗ ಸೆಕೆಂಡಿಗೆ ಸುಮಾರು 1.3 ಬಾರಿ ಏರಿಳಿಯುವ ಹಾಗಿದ್ದರೆ ಹಿತವಾಗಿರುತ್ತದೆ. 190 ಕೆಜಿಗೆ ಅದನ್ನು ಲೆಕ್ಕ ಹಾಕಿದರೆ ಚಕ್ರದ ಹತ್ತಿರ ಮಿಲಿಮೀಟರಿಗೆ 12.7 ನ್ಯೂಟನ್ ಗಟ್ಟಿತನ ಬೇಕು. ಸ್ಪ್ರಿಂಗಿಗೆ ತಿರುಗಿಸುವಾಗ ಅನುಪಾತದ ವರ್ಗದಿಂದ ಭಾಗಿಸಬೇಕು, ಇಲ್ಲೇ ಹಲವರು ತಪ್ಪುವುದು. 0.58ರ ವರ್ಗ 0.336. ಆಗ ಸ್ಪ್ರಿಂಗ್ ಮಿಲಿಮೀಟರಿಗೆ ಸುಮಾರು 38 ನ್ಯೂಟನ್, ಅಂಗಡಿಯ ಭಾಷೆಯಲ್ಲಿ ಇಂಚಿಗೆ 215 ಪೌಂಡ್. 200 ಅಥವಾ 225ರ ಸ್ಪ್ರಿಂಗ್ ತರಿಸಬಹುದು. ಗಟ್ಟಿ ಇದ್ದರೆ ಒಳ್ಳೆಯದು ಎಂದು 350 ತರಿಸಿದರೆ ಏರಿಳಿತ ಸೆಕೆಂಡಿಗೆ 1.65 ಬಾರಿ ಆಗುತ್ತದೆ. ಹಿಂದೆ ಹಳೆಯ ಕಮಾನು ಪಟ್ಟಿ, ಮುಂದೆ ಇಷ್ಟು ಗಟ್ಟಿ ಆದರೆ ಕಾರು ಪ್ರತಿ ಉಬ್ಬಿಗೂ ಕುಪ್ಪಳಿಸುತ್ತದೆ. ತಿರುವಿನಲ್ಲಿ ಹಿಡಿತವೂ ಕಡಿಮೆಯಾಗುತ್ತದೆ, ಯಾಕೆಂದರೆ ಟೈರ್ ರಸ್ತೆಯನ್ನು ಬಿಟ್ಟಿರುವಾಗ ಯಾವ ಸ್ಪ್ರಿಂಗೂ ಅದನ್ನು ಹಿಡಿಯಲಾರದು. ನಿಮ್ಮ ಕಾರಿನಲ್ಲಿ ಅನುಪಾತ ಅಳೆಯುವುದು ಸುಲಭ. ಸ್ಪ್ರಿಂಗ್ ಇಲ್ಲದೆ ಶಾಕ್ ಮಾತ್ರ ಜೋಡಿಸಿ, ಚಕ್ರವನ್ನು 50 ಮಿಮೀ ಎತ್ತಿ, ಶಾಕ್ ಎಷ್ಟು ಕುಗ್ಗಿತು ಅಂತ ಟೇಪಿನಿಂದ ನೋಡಿ. 29 ಮಿಮೀ ಕುಗ್ಗಿದ್ದರೆ 0.58.

ಉದ್ದದ ಲೆಕ್ಕವೂ ಬೇಕು. 38ರ ಸ್ಪ್ರಿಂಗ್ ಮೇಲೆ 328 ಕೆಜಿ ಕೂತರೆ ಅದು ಸುಮಾರು 85 ಮಿಮೀ ಕುಗ್ಗುತ್ತದೆ. ಅದಾದ ಮೇಲೂ ಗುಂಡಿಗೆ ಬೇಕಾದಷ್ಟು ಉಳಿಯಬೇಕು, ಸುರುಳಿಗಳು ಒಂದಕ್ಕೊಂದು ತಾಗಬಾರದು. ಕಾರು ನಿಂತಿರುವಾಗ ಶಾಕಿನ ಓಟದಲ್ಲಿ ಮೂರನೇ ಒಂದು ಪಾಲಾದರೂ ಕೆಳಕ್ಕೆ, ಉಳಿದದ್ದು ಮೇಲಕ್ಕೆ ಇರಲಿ. ಸ್ಪ್ರಿಂಗ್ ಹಾಕುವ ಮೊದಲೇ ಚಕ್ರವನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸಿ ನೋಡಿ. ಮೇಲೆ ಹೋದಾಗ ಶಾಕ್ ತುದಿ ಮುಟ್ಟುವ ಮೊದಲು ರಬ್ಬರ್ ಬಂಪ್ ಸ್ಟಾಪ್ ತಾಗಬೇಕು. ಕೆಳಗೆ ಇಳಿದಾಗ ಬ್ರೇಕ್ ಹೋಸ್ ಎಳೆದುಕೊಳ್ಳಬಾರದು, ಟ್ರನಿಯನ್ ಒಂದು ಕಡೆ ಸಿಕ್ಕಿಕೊಳ್ಳಬಾರದು. ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಇದನ್ನೇ ಮತ್ತೆ ಮಾಡಿ. ಟೈರ್ ಸ್ಪ್ರಿಂಗಿಗೆ ತಾಗುವುದು ಆಗಲೇ ಗೊತ್ತಾಗುವುದು. ಶಾಕಿನ ಕಣ್ಣುಗಳಿಗೆ ರಬ್ಬರ್ ಅಥವಾ ಪಾಲಿ ಬುಷ್ ಸಾಕು. ರೋಸ್ ಜಾಯಿಂಟ್ (ರಬ್ಬರ್ ಇಲ್ಲದ ಲೋಹದ ಗುಂಡು ಕೀಲು) ಟ್ರ್ಯಾಕಿಗೆ ಚಂದ, ಇಂಗ್ಲೆಂಡಿನ ಚಳಿಗಾಲದ ಉಪ್ಪು ನೀರಿಗೆ ಬೇಗ ಸವೆದು ಕಟಕಟ ಅನ್ನುತ್ತದೆ.

ಒಂದೂವರೆ ಇಂಚು ತಗ್ಗಿಸುವುದಕ್ಕೆ ಕಾಯಿಲೋವರ್ ಬೇಕಾಗಿಯೇ ಇಲ್ಲ, ಟಾರ್ಷನ್ ಬಾರನ್ನೇ ಅದರ ತುದಿಯ ಬೇರೆ ಹಲ್ಲಿಗೆ ಕೂರಿಸಿ ತಗ್ಗಿಸಬಹುದು. ಯಾವುದರಿಂದ ತಗ್ಗಿಸಿದರೂ ಆರ್ಮ್‌ಗಳ ಕೋನ ಬದಲಾಗುತ್ತದೆ, ಸ್ಟೀರಿಂಗ್ ರ‍್ಯಾಕಿನ ಟ್ರ್ಯಾಕ್ ರಾಡಿನ (ಚಕ್ರವನ್ನು ತಿರುಗಿಸುವ ಸರಳು) ಕೋನವೂ ಬದಲಾಗುತ್ತದೆ. ಆಗ ಉಬ್ಬಿನ ಮೇಲೆ ಹೋದರೆ ಚಕ್ರಗಳು ತಾವಾಗಿಯೇ ಸ್ವಲ್ಪ ತಿರುಗುತ್ತವೆ. ಅರ್ಧ ಮುಕ್ಕಾಲು ಇಂಚಿಗೆ ಪರವಾಗಿಲ್ಲ, ಒಂದೂವರೆ ಜಾಸ್ತಿ ಅಂತ ನನ್ನ ಅನಿಸಿಕೆ. ಬರ್ಮಿಂಗ್‌ಹ್ಯಾಮ್ ಬೀದಿಗಳ ಸ್ಪೀಡ್ ಹಂಪ್‌ಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕಾನೂನಿನ ವಿಷಯ ಬಿಡುವ ಹಾಗಿಲ್ಲ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ 2018ರ ಮೇ ತಿಂಗಳಿನಿಂದ ಎಂಒಟಿ, ಅಂದರೆ ವರ್ಷಕ್ಕೊಮ್ಮೆಯ ಸುರಕ್ಷತಾ ತಪಾಸಣೆ, ಕಡ್ಡಾಯವಲ್ಲ. ಆದರೆ ಕಳೆದ 30 ವರ್ಷದಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಸಸ್ಪೆನ್ಷನ್ನಿನ ಬಗೆಯನ್ನೇ ಬದಲಿಸುವುದನ್ನು ಸರ್ಕಾರದ ಮಾರ್ಗಸೂಚಿ ದೊಡ್ಡ ಬದಲಾವಣೆಯ ಸಾಲಿಗೆ ಸೇರಿಸಿದೆ. ಸುರಕ್ಷತೆ ಹೆಚ್ಚಿಸಲು ಮಾಡಿದ ಬದಲಾವಣೆಗೆ ವಿನಾಯಿತಿ ಇದೆ ನಿಜ, ಆದರೆ ಅದನ್ನು ವಾದ ಮಾಡಿ ಗೆಲ್ಲುವುದಕ್ಕಿಂತ ವರ್ಷಕ್ಕೊಮ್ಮೆ ಎಂಒಟಿ ಮಾಡಿಸುವುದು ಒಳ್ಳೆಯದು. ಇನ್ನೊಬ್ಬರ ಕಣ್ಣು ಕಾರಿನ ಅಡಿಗೆ ಬಿದ್ದ ಹಾಗೂ ಆಯಿತು. ಇನ್ಶೂರೆನ್ಸ್ ಕಂಪನಿಗೆ ಕೆಲಸಕ್ಕೆ ಮುಂಚೆಯೇ ತಿಳಿಸಿ. ಷಾಸಿ ಲೆಗ್ ಕತ್ತರಿಸಿ ಆಕಾರ ಬದಲಿಸುವ ಕಿಟ್ ಆದರೆ ಡಿವಿಎಲ್‌ಎ (ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ) ನಿಯಮವನ್ನೂ ಓದಿಕೊಳ್ಳಿ. ಊರಲ್ಲಿ ಅಂಬಾಸಿಡರ್‌ಗೋ ಬೇಬಿ ಹಿಂದೂಸ್ತಾನ್‌ಗೋ ಇದನ್ನು ಮಾಡಬೇಕು ಅಂದುಕೊಂಡವರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ವಿವರಕ್ಕಿಂತ ಬೇರೆಯಾಗುವ ಬದಲಾವಣೆಯನ್ನು ತಡೆಯುತ್ತದೆ. 50 ವರ್ಷ ದಾಟಿದ ವಾಹನವನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬೇಕಾದರೆ ಅದು ಮೂಲ ರೂಪದಲ್ಲೇ ಇರಬೇಕು. ಅಲ್ಲಿ ಟಾರ್ಷನ್ ಬಾರ್ ಉಳಿಸಿಕೊಳ್ಳುವುದೇ ಸರಿ.

ಎಲ್ಲ ಜೋಡಿಸಿದ ಮೇಲೆ ಬುಷ್‌ಗಳ ನಟ್ಟನ್ನು ಕಾರು ನೆಲದ ಮೇಲೆ ನಿಂತು ಭಾರ ಕೂತ ನಂತರವೇ ಪೂರ್ತಿ ಬಿಗಿ ಮಾಡಿ. ಶಾಕಿನ ಹೊಂದಾಣಿಕೆ ಅತಿ ಮೆತ್ತಗಿನಿಂದ ಶುರುಮಾಡಿ, ಒಂದೆರಡು ಕ್ಲಿಕ್ ಮಾತ್ರ ಏರಿಸಿ, ಅದೇ ರಸ್ತೆಯಲ್ಲಿ ಓಡಿಸಿ ನೋಡಿ. ಎತ್ತರವನ್ನು ನೀವು ಸೀಟಿನಲ್ಲಿ ಕೂತಿರುವಾಗ ಬೇರೆಯವರಿಂದ ಅಳತೆ ಹಾಕಿಸಿ. ಒಂದೇ ಮೂಲೆಯನ್ನು ಎತ್ತಿದರೆ ಎದುರು ಮೂಲೆಯ ಹಿಂಚಕ್ರದ ಮೇಲೂ ಭಾರ ಏರುತ್ತದೆ, ಹಾಗಾಗಿ ಎಡ ಬಲ ಎರಡನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸಿ. ನಂತರ ಟ್ರ್ಯಾಕಿಂಗ್ (ಮುಂಚಕ್ರಗಳ ನೇರ ಹೊಂದಾಣಿಕೆ) ಮಾಡಿಸಿ. ನೂರು ಮೈಲಿ ಓಡಿಸಿ ಬಂದು ಎಲ್ಲ ಬೋಲ್ಟ್‌ಗಳಿಗೂ ಟಾರ್ಕ್ ಸ್ಪ್ಯಾನರ್ ಹಾಕಿ. ಬ್ರಾಕೆಟ್ ಸುತ್ತ ದಪ್ಪ ಅಂಡರ್‌ಸೀಲ್ ಬಳಿಯಬೇಡಿ. ಮೊದಲ ವರ್ಷ ತಿಳಿ ಬಣ್ಣದ ತೆಳು ಕೋಟ್ ಮಾತ್ರ ಇರಲಿ, ಬಿರುಕು ಬಂದರೆ ಕಣ್ಣಿಗೆ ಕಾಣಬೇಕು. ಪ್ಲೇಟಿನ ಅಂಚಿನಲ್ಲಿ ತುಕ್ಕಿನ ಸಣ್ಣ ಗೆರೆ ಕಂಡರೂ ಆ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ವೆಲ್ಡರನ್ನೇ ಮನೆಗೆ ಕರೆಸಿ.